ಹಿಂದಿನ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸುವುದು: ಪಿಸ್ಟನ್ ಒತ್ತುವ ಮುನ್ನ ಇದನ್ನು ಓದಿ

ಮುಂದಿನ ಚಕ್ರದ ಪ್ಯಾಡ್ ಹಾಕಿ ಕೈ ಪಳಗಿದವರೂ ಹಿಂದಿನ ಚಕ್ರಕ್ಕೆ ಬಂದಾಗ ಒಂದೇ ಜಾಗದಲ್ಲಿ ಎಡವುತ್ತಾರೆ. ಮುಂದೆ ಕ್ಯಾಲಿಪರ್ (ಒಳಗಿನ ಪಿಸ್ಟನ್‌ನಿಂದ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬಿಚ್ಚಿ ಸಿ-ಕ್ಲ್ಯಾಂಪ್ ಹಾಕಿ ಬಿಗಿದರೆ ಪಿಸ್ಟನ್ ನೇರವಾಗಿ ಒಳಗೆ ಹೋಗುತ್ತದೆ. ಹಿಂದೆ ಹಾಗೇ ಬಿಗಿದರೆ ಹಲವು ಕಾರುಗಳಲ್ಲಿ ಪಿಸ್ಟನ್ ಕದಲುವುದಿಲ್ಲ. ಜೋರು ಮಾಡಿದರೆ ಒಳಗಿನ ಸ್ಕ್ರೂ ಹಾಳಾಗಿ, ಪ್ಯಾಡ್ ದುಡ್ಡಿನಲ್ಲಿ ಮುಗಿಯಬೇಕಾದ ಕೆಲಸ ಹೊಸ ಕ್ಯಾಲಿಪರ್‌ಗೆ ಬಂದು ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್‌ನ ಯಂತ್ರವೇ ಆ ಪಿಸ್ಟನ್‌ನೊಳಗೆ ಕೂತಿರುವುದು ಇದಕ್ಕೆ ಕಾರಣ.

ಹಾಗಾಗಿ ಪಾನಾ ಕೈಗೆತ್ತಿಕೊಳ್ಳುವ ಮೊದಲು, ನಿಮ್ಮ ಕಾರಿನಲ್ಲಿ ಯಾವ ಬಗೆಯ ಬ್ರೇಕ್ ಇದೆ ಎಂದು ಟಾರ್ಚ್ ಬಿಟ್ಟು ನೋಡಿ. ನಮ್ಮಲ್ಲಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಡ್ರಮ್ ಇರುತ್ತದೆ. ಅದರಲ್ಲಿ ಪ್ಯಾಡ್ ಇಲ್ಲ, ಲೈನರ್ ಇರುತ್ತದೆ, ಆ ಕೆಲಸವೇ ಬೇರೆ. ಡಿಸ್ಕ್ ಇದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿ. ಕೇಬಲ್ ಬಂದು ಕ್ಯಾಲಿಪರ್ ಬೆನ್ನಿನ ಸಣ್ಣ ತೋಳಿಗೆ, ಸ್ಪ್ರಿಂಗ್ ಜೊತೆ, ಸೇರಿಕೊಂಡಿದ್ದರೆ ಅದು ತಿರುಗಿಸಿ ಒಳಹಾಕುವ ಪಿಸ್ಟನ್. ಕೇಬಲ್ ಡಿಸ್ಕ್‌ನ ಹಿಂಬದಿಯ ತಗಡಿನೊಳಗೆ ನುಗ್ಗಿದ್ದರೆ ಡಿಸ್ಕ್‌ನ ಹೊಟ್ಟೆಯಲ್ಲೇ ಹ್ಯಾಂಡ್‌ಬ್ರೇಕಿನ ಪುಟ್ಟ ಡ್ರಮ್ ಇದೆ. ಅಲ್ಲಿ ಪಿಸ್ಟನ್ ನೇರ ಒತ್ತಿದರೆ ಸಾಕು. ಕೇಬಲ್ ಇಲ್ಲದೆ, ಕ್ಯಾಲಿಪರ್ ಬೆನ್ನಿಗೆ ವೈರ್ ಸಾಕೆಟ್ ಇರುವ ಕಪ್ಪು ಮೋಟಾರ್ ಅಂಟಿಕೊಂಡಿದ್ದರೆ ಅದು ಸ್ವಿಚ್ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್. ಅದರ ವಿಷಯ ಮುಂದೆ ಹೇಳುತ್ತೇವೆ. ಈ ಬರಹ ಮುಖ್ಯವಾಗಿ ತಿರುಗಿಸಿ ಒಳಹಾಕುವ ಪಿಸ್ಟನ್‌ಗೆ.

ಬದಲಿಸುವ ಹೊತ್ತು

ಹೊಸ ಹಿಂದಿನ ಪ್ಯಾಡ್‌ನಲ್ಲಿ ಉಕ್ಕಿನ ತಗಡು ಬಿಟ್ಟು ಉಜ್ಜುವ ಪದರವೇ ಸುಮಾರು 8ರಿಂದ 10 ಮಿ.ಮೀ. ಇರುತ್ತದೆ. ಅದು 3 ಮಿ.ಮೀ.ಗೆ ಇಳಿದಾಗ ಬದಲಿಸಿ. 2 ಮಿ.ಮೀ.ವರೆಗೆ ಎಳೆಯಬಹುದು ಎನ್ನುವವರಿದ್ದಾರೆ. ಆದರೆ ಚಾರ್ಮಾಡಿ, ಶಿರಾಡಿ ಇಳಿಯುವ ಕಾರಿಗೆ ಆ ಲೆಕ್ಕ ಬೇಡ: ತೆಳುವಾದ ಪ್ಯಾಡ್ ಬಿಸಿಯನ್ನು ಬೇಗ ಪಿಸ್ಟನ್‌ಗೂ ಬ್ರೇಕ್ ಆಯಿಲ್‌ಗೂ ದಾಟಿಸುತ್ತದೆ. ಹಲವು ಪ್ಯಾಡ್‌ಗಳಲ್ಲಿ ತಗಡಿನ ಸಣ್ಣ ನಾಲಿಗೆಯೊಂದಿರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕ್‌ಗೆ ತಾಗಿ ಕಿರ್ರೆಂದು ಕೂಗುತ್ತದೆ. ಚಕ್ರದ ಸಂದಿಯಿಂದ ಹೊರಗಿನ ಪ್ಯಾಡ್ ಮಾತ್ರ ಕಾಣುವುದು. ಒಳಗಿನದು ಎಷ್ಟೋ ಸಲ ಮೊದಲು ಸವೆದಿರುತ್ತದೆ. ಹೊರಗಿನದು ಚೆನ್ನಾಗಿದೆ ಎಂದು ಸುಮ್ಮನಿರಬೇಡಿ.

ಬೇಕಾಗುವ ಸಾಮಾನು

ಎರಡೂ ಹಿಂಚಕ್ರಕ್ಕೆ ಸೇರಿ ನಾಲ್ಕು ಪ್ಯಾಡ್‌ನ ಒಂದು ಸೆಟ್ ತನ್ನಿ. ಒಂದೇ ಬದಿ ಬದಲಿಸಿದರೆ ಬ್ರೇಕ್ ಒತ್ತಿದಾಗ ಎರಡು ಬದಿಯ ಹಿಡಿತ ಒಂದೇ ಇರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಬರೀ ಮಾಡೆಲ್ ಹೆಸರು ಹೇಳಿದರೆ ಸಾಲದು. ವರ್ಷ, ವೇರಿಯೆಂಟ್ ಹೇಳಿ, ಸಾಧ್ಯವಾದರೆ ಹಳೆಯ ಪ್ಯಾಡ್‌ನ ಫೋಟೊ ತೋರಿಸಿ. ಒಂದೇ ಮಾಡೆಲ್‌ಗೆ ಎರಡು ಕಂಪನಿಯ ಕ್ಯಾಲಿಪರ್ ಬರುವುದುಂಟು. ಸೆಟ್ ಜೊತೆ ಸ್ಟೀಲ್ ಕ್ಲಿಪ್‌ಗಳು ಬರುತ್ತವೆಯೇ ಎಂದು ಕೇಳಿ. ಬಿಲ್ ಕೊಡದ ಅಗ್ಗದ ಡಬ್ಬಿ ಬೇಡ, ಬ್ರೇಕ್ ವಿಷಯದಲ್ಲಿ ಉಳಿತಾಯ ಮಾಡುವ ಜಾಗ ಇದಲ್ಲ.

ಪಿಸ್ಟನ್ ತಿರುಗಿಸುವ ಕಿಟ್ ಬೇಕು. ರ‍್ಯಾಚೆಟ್ ತುದಿಗೆ ಸಿಕ್ಕಿಸುವ ಚೌಕದ ಲೋಹದ ತುಂಡಿಗಿಂತ, ತಿರುಗುತ್ತಲೇ ಒತ್ತುವ ಸ್ಕ್ರೂ ಇರುವ ಕಿಟ್ ಮೇಲು. ಚೌಕದ ತುಂಡು ಜಾರಿ ಪಿಸ್ಟನ್‌ನ ರಬ್ಬರ್ ಹರಿಯುತ್ತದೆ. ಇದಲ್ಲದೆ ಜಾಕ್, ಎರಡು ಜಾಕ್ ಸ್ಟ್ಯಾಂಡ್, ವೀಲ್ ಸ್ಪ್ಯಾನರ್, 12ರಿಂದ 17 ಮಿ.ಮೀ.ವರೆಗಿನ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್, ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್, ತಂತಿ ಬ್ರಷ್, ಬ್ರೇಕ್ ಕ್ಲೀನರ್ ಸ್ಪ್ರೇ, ಸಿಲಿಕೋನ್ ಬ್ರೇಕ್ ಗ್ರೀಸ್, ಸ್ವಲ್ಪ ಕಟ್ಟು ತಂತಿ, ಬನಿಯನ್ ಬಟ್ಟೆ, ಮಾಸ್ಕ್. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಹತ್ತಿರವೂ ಬರಬಾರದು. ಬ್ರೇಕಿನ ರಬ್ಬರ್ ಅವುಗಳಿಗೆ ತಾಗಿದರೆ ಉಬ್ಬಿ ಕೆಲವೇ ದಿನದಲ್ಲಿ ಬಿಗಿಹಿಡಿಯುತ್ತದೆ. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಕೂಡ ಇಲ್ಲಿ ಬೇಡ, ಅದೂ ರಬ್ಬರಿಗೆ ಅದೇ ಕೆಲಸ ಮಾಡುತ್ತದೆ.

ಎತ್ತುವುದು

ಹಿಂದಿನ ಬ್ರೇಕ್ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಿಡಲೇಬೇಕು. ಕಾರು ಜಾರುವ ಅಪಾಯ ಹುಟ್ಟುವುದು ಇಲ್ಲಿಂದಲೇ. ಸಮತಟ್ಟಾದ ಸಿಮೆಂಟ್ ನೆಲ ನೋಡಿಕೊಳ್ಳಿ, ಇಳಿಜಾರಿನ ಪೋರ್ಟಿಕೊ ಬೇಡ. ಮುಂಚಕ್ರಕ್ಕೆ ಶಕ್ತಿ ಹೋಗುವ ಕಾರನ್ನು ಫಸ್ಟ್ ಗೇರ್‌ನಲ್ಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ ನಿಲ್ಲಿಸಿ, ಎರಡೂ ಮುಂಚಕ್ರದ ಹಿಂದೆಮುಂದೆ ದಪ್ಪ ಮರದ ತುಂಡು ಕೊಡಿ. ಹಿಂಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಗೇರ್ ನಂಬಿಕೆಗೆ ಬರುವುದಿಲ್ಲ: ಒಂದು ಹಿಂಚಕ್ರ ಮೇಲೆದ್ದರೆ, ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ನೆಲದ ಮೇಲಿನ ಇನ್ನೊಂದು ಉರುಳಬಲ್ಲದು. ಅಲ್ಲಿ ಮರದ ತುಂಡೇ ಎಲ್ಲ.

ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಡಿ. ಬರೀ ಜಾಕ್ ಮೇಲೆ ಕಾರು ನಿಲ್ಲಿಸಿ ಕೆಲಸ ಮಾಡಬೇಡಿ. ಕಳಚಿದ ಚಕ್ರವನ್ನು ಕಾರಿನಡಿ ಮಲಗಿಸಿಡಿ. ಎಲ್ಲ ಕೈಕೊಟ್ಟರೂ ಅದರ ಮೇಲೆ ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಾರುಗಳಲ್ಲಿ ನಟ್ ಬಿಚ್ಚಿದರೂ ಚಕ್ರ ತುಕ್ಕಿನಿಂದ ಹಬ್‌ಗೆ ಕಚ್ಚಿಕೊಂಡಿರುತ್ತದೆ. ಎರಡು ನಟ್ ಸಡಿಲವಾಗಿ ಉಳಿಸಿ, ಟೈರಿನ ಪಕ್ಕಕ್ಕೆ ಅಂಗಾಲಿನಿಂದ ಒದೆಯಿರಿ.

ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬೇಡಿ. ಕ್ಲಿಪ್ ಯಾವ ಕಡೆಗಿತ್ತು ಎಂಬ ಗೊಂದಲ ಬಂದರೆ ಬಿಚ್ಚದ ಬದಿಯೇ ನಿಮ್ಮ ಪಠ್ಯಪುಸ್ತಕ.

ಬಿಚ್ಚುವುದು, ಪಿನ್ ನೋಡುವುದು

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಮಟ್ಟ ಮ್ಯಾಕ್ಸ್ ಗೆರೆಯ ಹತ್ತಿರವಿದ್ದರೆ ಸಿರಿಂಜ್‌ನಿಂದ ಸ್ವಲ್ಪ ಹೀರಿ ತೆಗೆಯಿರಿ, ಪಿಸ್ಟನ್ ಒಳಗೆ ಹೋದಷ್ಟೂ ಆಯಿಲ್ ಡಬ್ಬಿಗೆ ಮರಳುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಿರಿ, ಒರೆಸುತ್ತ ಕೂತರೆ ಪೇಂಟ್ ಎದ್ದುಬರುತ್ತದೆ.

ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಕ್ಯಾಲಿಪರ್ ಹಿಂದಿನ ಎರಡು ಪಿನ್ ಬೋಲ್ಟ್ ಬಿಚ್ಚುವಾಗ, ಬೋಲ್ಟ್ ಜೊತೆ, ಕ್ಯಾಲಿಪರ್ ಸರಿದಾಡುವ ಪಿನ್ ಸಹ ತಿರುಗುತ್ತದೆ. ತೆಳುವಾದ ಓಪನ್ ಸ್ಪ್ಯಾನರ್‌ನಿಂದ ಪಿನ್ ಹಿಡಿದು ಬೋಲ್ಟ್ ತಿರುಗಿಸಿ. ಕೇಬಲ್ ಅಡ್ಡ ಬಂದರೆ ತೋಳಿನಿಂದ ಕಳಚಿ. ಹೊರಬಂದ ಕ್ಯಾಲಿಪರ್ ಅನ್ನು ಹೋಸ್‌ಗೆ ನೇತಾಡಲು ಬಿಡದೆ ಕಟ್ಟು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ. ಹಳೆಯ ಪ್ಯಾಡ್ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ.

ಈ ಎರಡು ಪ್ಯಾಡ್ ನಡುವೆ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ, ಪ್ಯಾಡ್ ಬದಲಿಸಿದ ಮಾತ್ರಕ್ಕೆ ರೋಗ ಹೋಗುವುದಿಲ್ಲ. ಪಿನ್ ಬಿಗಿಹಿಡಿದು ಕ್ಯಾಲಿಪರ್ ಸರಿಯುತ್ತಿಲ್ಲ ಎಂದರ್ಥ. ನಮ್ಮ ಮಳೆ, ಕೆಸರಿನ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ ಇದೇ, ಗ್ಯಾರೇಜುಗಳಲ್ಲೂ ಹೆಚ್ಚು ಬಿಟ್ಟುಹೋಗುವ ಕೆಲಸವೂ ಇದೇ. ಎರಡೂ ಪಿನ್ ಎಳೆದು ನೋಡಿ. ಮೇಲಿನದ್ದೂ ಕೆಳಗಿನದ್ದೂ ಒಂದೇ ಥರ ಕಂಡರೂ ಒಂದರ ತುದಿಯಲ್ಲಿ ರಬ್ಬರ್ ತೋಳು ಇರಬಹುದು, ಅದಲುಬದಲು ಮಾಡಬೇಡಿ. ಹಳೆಯ ಗ್ರೀಸ್ ಒರೆಸಿ, ಪಿನ್ ಮೇಲೆ ಕಂದು ಕಲೆ ಬೆರಳಿಗೆ ಒರಟಾಗಿ ತಾಗಿದರೆ ಪಿನ್ ಬದಲಿಸಿ. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಒಳಗೆ ತಳ್ಳಿ. ಜಾಸ್ತಿ ತುಂಬಿದರೆ ಒಳಗಿನ ಗಾಳಿ ಹೊರಬರಲಾಗದೆ ಪಿನ್ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಆಗ ರಬ್ಬರ್ ಬೂಟಿನ ಅಂಚನ್ನು ಚೂರು ಎತ್ತಿ ಗಾಳಿ ಬಿಡಿ. ಕೈಬೆರಳಿಂದ ಹಗುರವಾಗಿ ಆಚೀಚೆ ಸರಿದರೆ ಸರಿಯಾಯಿತು.

ಪ್ಯಾಡ್ ಕೂರುವ ಬ್ರಾಕೆಟ್‌ನ ಹಳೆಯ ಸ್ಟೀಲ್ ಕ್ಲಿಪ್‌ಗಳನ್ನು ಕಿತ್ತು ತಳದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ. ತುಕ್ಕು ಉಬ್ಬಿ ಕ್ಲಿಪ್ ಮೇಲೆತ್ತಿದರೆ ಹೊಸ ಪ್ಯಾಡ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ದೂಳು ಊದಬೇಡಿ, ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ ಒರೆಸಿ.

ಡಿಸ್ಕ್ ಅಂಚಿನಲ್ಲೋ ಹೊಟ್ಟೆಯ ಮೇಲೋ ಮಿನ್ ಟಿಎಚ್ ಎಂದು ಅಚ್ಚೊತ್ತಿದ ಕನಿಷ್ಠ ದಪ್ಪ ಇರುತ್ತದೆ. ವರ್ನಿಯರ್‌ನಿಂದ ಮೂರ್ನಾಲ್ಕು ಕಡೆ, ಅಂಚಿನ ಏಣನ್ನು ಬಿಟ್ಟು ಅಳೆಯಿರಿ. ಕಮ್ಮಿ ಇದ್ದರೆ ಡಿಸ್ಕೂ ಬದಲಾಗಬೇಕು.

ಪಿಸ್ಟನ್

ಈಗ ಪಿಸ್ಟನ್ ಮುಖವನ್ನು ಎದುರಿಗೆ ಹಿಡಿದು ನೋಡಿ. ತಟ್ಟೆಯಂಥ ಲೋಹದ ಮೇಲೆ ಕೂಡಿಸುವ ಚಿಹ್ನೆಯಂತೆ ನಾಲ್ಕು ಕಚ್ಚು, ಅಥವಾ ಎದುರುಬದುರಾಗಿ ಎರಡು ಕಚ್ಚು. ಸುತ್ತ ಮಡಿಕೆಮಡಿಕೆಯ ರಬ್ಬರ್ ಬೂಟ್. ಇದರೊಳಗೆ ಸ್ಕ್ರೂವಿನಂತೆ ಮರೆ (ಥ್ರೆಡ್) ಇರುವ ಒಂದು ಕಡ್ಡಿ, ಅದರ ಮೇಲೊಂದು ನಟ್; ಪ್ಯಾಡ್ ಸವೆದಂತೆ ನಟ್ ಮುಂದೆ ಸರಿದು ಹ್ಯಾಂಡ್‌ಬ್ರೇಕ್ ಸಡಿಲವಾಗದಂತೆ ನೋಡಿಕೊಳ್ಳುತ್ತದೆ. ನೇರ ಒತ್ತಿದರೆ ಆ ಮರೆಯೇ ತಡೆಯುವುದು. ತಿರುಗಿಸಿದರೆ ಮಾತ್ರ ಹಿಂದಕ್ಕೆ ಬರುತ್ತದೆ.

ಬೂಟಿನ ತುಟಿಗೂ ಪಿಸ್ಟನ್‌ಗೂ ನಡುವೆ ಚೂರು ಸಿಲಿಕೋನ್ ಗ್ರೀಸ್ ಸವರಿ. ಇಲ್ಲದಿದ್ದರೆ ಪಿಸ್ಟನ್ ಜೊತೆ ಬೂಟೂ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಕಿಟ್‌ನ ಹಲ್ಲುಗಳನ್ನು ಕಚ್ಚಿಗೆ ಕೂರಿಸಿ, ಹದವಾಗಿ ಒತ್ತುತ್ತಾ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಹೆಚ್ಚಿನ ಕಾರುಗಳಿಗೆ ಎರಡೂ ಬದಿ ಇದೇ ದಿಕ್ಕು, ಕೆಲವದರಲ್ಲಿ ಒಂದು ಬದಿ ತಿರುವುಮುರುವು. ಎರಡು ಸುತ್ತಾದರೂ ಒಳಸರಿಯದಿದ್ದರೆ, ಇಲ್ಲವೇ ಹೊರಗೆ ಬರತೊಡಗಿದರೆ, ನಿಲ್ಲಿಸಿ ದಿಕ್ಕು ಬದಲಿಸಿ. ಎರಡೂ ದಿಕ್ಕಿಗೆ ಗಟ್ಟಿಯಾಗಿದ್ದರೆ ಪಿಸ್ಟನ್ ತುಕ್ಕು ಹಿಡಿದಿದೆ, ಬಲ ಪ್ರಯೋಗ ಬೇಡ, ಕ್ಯಾಲಿಪರ್ ರಿಪೇರಿಗೆ ಕೊಡಿ.

ಪೂರ್ತಿ ಒಳಗೆ ಹೋದ ಮೇಲೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಒಳಗಿನ ಪ್ಯಾಡ್‌ನ ಬೆನ್ನಲ್ಲಿ ಗುಬುಟು ಇದ್ದರೆ ಅದು ಪಿಸ್ಟನ್‌ನ ಕಚ್ಚಿನೊಳಗೇ ಕೂರಬೇಕು. ಕಚ್ಚನ್ನು ಆ ನೇರಕ್ಕೆ ತಂದು ನಿಲ್ಲಿಸಿ. ಗುಬುಟು ಕಚ್ಚು ತಪ್ಪಿ ಪಿಸ್ಟನ್ ಅಂಚಿನ ಮೇಲೆ ಕೂತರೆ ಪ್ಯಾಡ್ ಓರೆಯಾಗಿ ಉಜ್ಜುತ್ತದೆ, ಪೆಡಲ್ ಮೆತ್ತಗಾಗುತ್ತದೆ.

ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಕ್ಯಾಲಿಪರ್ ಬಿಚ್ಚುವ ಮೊದಲೇ, ಕಾರಿನ ಕಂಪ್ಯೂಟರಿಗೆ ಸಿಕ್ಕಿಸುವ ಒಬಿಡಿ ಸ್ಕ್ಯಾನರ್‌ನಿಂದ ಸರ್ವಿಸ್ ಮೋಡ್‌ಗೆ ಹಾಕಬೇಕು. ಕೆಲವು ಕಾರುಗಳಲ್ಲಿ ಪೆಡಲ್ ಮತ್ತು ಸ್ವಿಚ್ ಒತ್ತುವ ಕ್ರಮದಿಂದಲೂ ಆಗುತ್ತದೆ, ಕೈಪಿಡಿ ನೋಡಿ. ಮೋಟಾರ್ ತಾನೇ ನಟ್ ಹಿಂದಕ್ಕೆಳೆದ ಮೇಲೆ ಪಿಸ್ಟನ್ ನೇರ ಒತ್ತಿದರೆ ಹೋಗುತ್ತದೆ, ತಿರುಗಿಸಬಾರದು. ನಡುವೆ ಯಾರೂ ಆ ಸ್ವಿಚ್ ಮುಟ್ಟದಂತೆ ನೋಡಿಕೊಳ್ಳಿ. ಎದುರಿಗೆ ಡಿಸ್ಕ್ ಇಲ್ಲದಾಗ ಮೋಟಾರ್ ತಿರುಗಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಸ್ಕ್ಯಾನರ್ ಸಿಗದಿದ್ದರೆ ಈ ಕಾರಿನ ಕೆಲಸ ಮನೆಯಲ್ಲಿ ಶುರು ಮಾಡದಿರುವುದೇ ಒಳ್ಳೆಯದು.

ಜೋಡಿಸುವುದು

ಹೊಸ ಕ್ಲಿಪ್ ಕೂರಿಸಿ. ಪ್ಯಾಡ್‌ನ ಎರಡು ಕಿವಿ ಕ್ಲಿಪ್‌ಗೆ ತಾಗುವಲ್ಲಿ, ಮತ್ತು ಪ್ಯಾಡ್ ಬೆನ್ನು ಪಿಸ್ಟನ್‌ಗೆ ತಾಗುವಲ್ಲಿ ಮಾತ್ರ, ಬ್ರೇಕ್ ಗ್ರೀಸ್ ಒಂದು ತೆಳು ಪದರ. ಉಜ್ಜುವ ಮುಖಕ್ಕೆ ಒಂದು ಹನಿಯೂ ತಾಗಬಾರದು. ಪ್ಯಾಡ್ ಬೆರಳಿನಿಂದ ತಳ್ಳಿದರೆ ಸರಿಯಬೇಕು. ಸುತ್ತಿಗೆಯಿಂದ ಕುಟ್ಟಿ ಕೂರಿಸಿದ ಪ್ಯಾಡ್ ಬಿಡುಗಡೆಯಾಗುವುದಿಲ್ಲ, ಡಿಸ್ಕ್ ಬಿಸಿಯಾಗುತ್ತಲೇ ಇರುತ್ತದೆ. ಕಿವಿಯ ದಪ್ಪ ಪೇಂಟ್ ಅನ್ನು ಅರದಿಂದ ಉಜ್ಜಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೂಗುವ ನಾಲಿಗೆ ಹಳೆಯದರಲ್ಲಿ ಎಲ್ಲಿತ್ತೋ ಅಲ್ಲೇ ಬರಲಿ.

ಡಿಸ್ಕ್ ಎರಡೂ ಮುಖ ಕ್ಲೀನರ್‌ನಿಂದ ಒರೆಸಿ, ಕ್ಯಾಲಿಪರ್ ಇಳಿಸಿ. ಪಿನ್ ಬೋಲ್ಟ್ ಬಿಗಿತ ಬಹುತೇಕ 25ರಿಂದ 35 ನ್ಯೂಟನ್ ಮೀಟರ್, ವೀಲ್ ನಟ್ 100ರಿಂದ 120 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ಪಿನ್ ಬೋಲ್ಟ್ ಸಣ್ಣದು, ಉದ್ದ ಹಿಡಿಯಿಂದ ಕಸುವು ಹಾಕಿದರೆ ಕತ್ತರಿಸಿಹೋಗುತ್ತದೆ. ಕೆಲವು ಕಾರುಗಳಲ್ಲಿ ಈ ಬೋಲ್ಟನ್ನು ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಕೇಬಲ್ ಸಿಕ್ಕಿಸಿ, ಕ್ಯಾಲಿಪರ್ ತೋಳು ತನ್ನ ತಡೆಗೆ ಪೂರ್ತಿ ಮರಳಿದೆಯೇ ನೋಡಿ. ಇನ್ನೊಂದು ಬದಿಯೂ ಹೀಗೆಯೇ.

ಕಾರು ಕೆಳಗಿಳಿದ ಮೇಲೆ, ಮರದ ತುಂಡು ಇರುವಾಗಲೇ, ಎಂಜಿನ್ ಆಫ್‌ನಲ್ಲಿ ಪೆಡಲನ್ನು ನಿಧಾನಕ್ಕೆ ಗಟ್ಟಿಯಾಗುವವರೆಗೆ ಒತ್ತಿ ಬಿಡಿ. 15-20 ಸಲ ಬೇಕಾದೀತು. ಇದನ್ನು ಮರೆತು ಕಾರು ಹೊರಡಿಸಿದರೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಇರುವುದಿಲ್ಲ. ಪೆಡಲ್ ಗಟ್ಟಿಯಾದ ಮೇಲೆ ಹ್ಯಾಂಡ್‌ಬ್ರೇಕ್ ಲಿವರ್ ಹತ್ತು ಸಲ ಎಳೆದು ಬಿಡಿ. ಲಿವರ್ ಸಡಿಲ ಎನಿಸಿದ ಕೂಡಲೇ ಕೇಬಲ್ ಬಿಗಿಯಬೇಡಿ. ಒಳಗಿನ ನಟ್ ತನ್ನ ಜಾಗಕ್ಕೆ ಬರಲು ಈ ಎಳೆತಗಳು ಬೇಕು. ಅವಸರದಲ್ಲಿ ಕೇಬಲ್ ಬಿಗಿದರೆ ಬ್ರೇಕ್ ಸದಾ ಅರ್ಧ ಹಿಡಿದೇ ಇರುತ್ತದೆ. ಆಯಿಲ್ ಮಟ್ಟ ನೋಡಿ ಮುಚ್ಚಳ ಬಿಗಿ ಮಾಡಿ.

ಖಾಲಿ ರಸ್ತೆಯಲ್ಲಿ ಗಂಟೆಗೆ 50-60 ಕಿ.ಮೀ. ವೇಗದಿಂದ 10-15ಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಎಂಟು ಹತ್ತು ಸಲ ಇಳಿಸಿ. ನಡುನಡುವೆ ಅರ್ಧ ನಿಮಿಷ ಓಡಿಸಿ ಗಾಳಿ ಬಡಿಯಲಿ. ಕಾದ ಪ್ಯಾಡನ್ನು ಡಿಸ್ಕ್‌ಗೆ ಒತ್ತಿಹಿಡಿದು ನಿಲ್ಲಿಸಿದರೆ ಪ್ಯಾಡಿನ ಮಸಿ ಅದೇ ಜಾಗದಲ್ಲಿ ಅಂಟಿ ಮುಂದೆ ಪೆಡಲ್ ನಡುಗುತ್ತದೆ. ಮೊದಲ 200-300 ಕಿ.ಮೀ. ತುಂಬಿದ ಕಾರಿನಲ್ಲಿ ಆಗುಂಬೆ ಇಳಿಯುವ ಯೋಚನೆ ಬೇಡ.

ಹತ್ತು ಕಿಲೊಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಎರಡೂ ಹಿಂಚಕ್ರದ ಹತ್ತಿರ ಅಂಗೈ ಒಯ್ಯಿರಿ, ಮುಟ್ಟಬೇಡಿ. ಒಂದು ಬೆಚ್ಚಗೆ, ಇನ್ನೊಂದು ಸುಡುವಂತಿದ್ದರೆ ಸುಡುವ ಬದಿ ಬಿಡುತ್ತಿಲ್ಲ: ಮೊದಲು ಕೇಬಲ್ ತೋಳು, ಆಮೇಲೆ ಪಿನ್, ಕೊನೆಗೆ ಪ್ಯಾಡ್ ಕಿವಿ ನೋಡಿ. ಕಿರುಚುವ ಸದ್ದು ಎರಡು ದಿನ ಕಳೆದರೂ ಹೋಗದಿದ್ದರೆ ಪ್ಯಾಡ್ ಬೆನ್ನಿನ ತೆಳು ತಗಡು ಬಿಟ್ಟುಹೋಗಿದೆಯೇ, ನಾಲಿಗೆ ಡಿಸ್ಕ್‌ಗೆ ತಾಗಿದೆಯೇ ನೋಡಿ. ಪೆಡಲ್ ಇನ್ನೂ ಮೆತ್ತಗಿದ್ದರೆ ಕಚ್ಚು-ಗುಬುಟು ನೇರವನ್ನೇ ಮೊದಲು ಅನುಮಾನಿಸಿ. 50ರಿಂದ 100 ಕಿ.ಮೀ. ಆದ ಮೇಲೆ ವೀಲ್ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಮತ್ತೊಮ್ಮೆ ಟಾರ್ಕ್ ರೆಂಚ್‌ನಿಂದ ನೋಡಿ.