ಹಲ್ಲು ಕೀಳಿಸಿದ ದಿನ ಲಾಯದ ಕೆಲಸವನ್ನು ನಿಭಾಯಿಸುವ ಬಗೆ

ಕುದುರೆ ಸಾಕಿದವರಿಗೆ ಹಲ್ಲುನೋವಿನ ನೆಪ ಹೇಳಿ ಲಾಯಕ್ಕೆ ಬೆನ್ನು ತಿರುಗಿಸಲು ಬರುವುದಿಲ್ಲ. ಕುದುರೆಯ ಜಠರದಲ್ಲಿ ಆಮ್ಲ ಸದಾ ಒಸರುತ್ತಲೇ ಇರುವುದರಿಂದ, ಹುಲ್ಲಿಲ್ಲದೆ ಬಹಳ ಹೊತ್ತು ನಿಲ್ಲಿಸಿದರೆ ಹುಣ್ಣು ಮತ್ತು ಹೊಟ್ಟೆಶೂಲೆಗೆ ದಾರಿಯಾಗುತ್ತದೆ. ಆದ್ದರಿಂದ ದವಡೆ ಹಲ್ಲು ಕೀಳಿಸುವ ದಿನವನ್ನು ಕುದುರೆಯ ಹೊತ್ತಿಗೆ ಹೊಂದಿಸಿಕೊಂಡೇ ಯೋಜಿಸಬೇಕು. ಆ ದಿನ ಹಲ್ಲು ಕೀಳಿಸಿದ ಮೇಲೆ ಮುಖ್ಯವಾಗಿ ಬಿಡಬೇಕಾದದ್ದು ಸವಾರಿಯನ್ನು ಮತ್ತು ಬಾಗಿ ಮಾಡುವ ಕೆಲಸವನ್ನು.

ದಂತವೈದ್ಯರಲ್ಲಿ ಬೆಳಗಿನ ಹತ್ತು ಹನ್ನೊಂದರ ವೇಳೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಅದಕ್ಕೆ ಮೊದಲೇ ಲಾಯಕ್ಕೆ ಹೋಗಿ ಗೊರಸು ಕೆರೆದು, ಮೈಯುಜ್ಜಿ, ಹಗ್ಗ ಹಿಡಿದು ಅರ್ಧ ಗಂಟೆ ನಡೆದಾಡಿಸಿ, ಮನೆಗೆ ಬಂದು ಹೊಟ್ಟೆ ತುಂಬ ತಿಂಡಿ ತಿಂದು ಹೊರಡಬಹುದು. ಸಂಜೆಯ ಹುರುಳಿ, ಬೂಸಾಗಳನ್ನು ಅಳೆದು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟು, ಯಾವುದು ಯಾವ ಕುದುರೆಗೆಂದು ಸೈಸ್‌ಗೆ, ಅಂದರೆ ಕುದುರೆ ನೋಡಿಕೊಳ್ಳುವ ಆಳಿಗೆ, ಆಗಲೇ ತೋರಿಸಿಬಿಡಬೇಕು, ಏಕೆಂದರೆ ಬಾಯಲ್ಲಿ ಹತ್ತಿಯುಂಡೆ ಕಚ್ಚಿಕೊಂಡು ಫೋನಿನಲ್ಲಿ ಲೆಕ್ಕ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಹಲ್ಲು ಕಿತ್ತ ಜಾಗದಲ್ಲಿ ಹೆಪ್ಪುಗಟ್ಟುವ ರಕ್ತವೇ ಅಲ್ಲಿಯ ಎಲುಬಿಗೆ ಮುಚ್ಚಳ. ಅದು ಕಳಚಿದರೆ ಎಲುಬು ತೆರೆದುಕೊಂಡು, ಎರಡು ಮೂರು ದಿನಗಳಲ್ಲಿ ಕಿವಿಯವರೆಗೂ ಹಬ್ಬುವ ನೋವು ಶುರುವಾಗುತ್ತದೆ. ಹೀರುವುದು, ಉಗುಳುವುದು, ಧೂಮಪಾನ ಇವು ಹೆಪ್ಪಿಗೆ ಶತ್ರುಗಳೆಂದು ವೈದ್ಯರು ಎಲ್ಲರಿಗೂ ಹೇಳಿ ಕಳುಹಿಸುತ್ತಾರೆ. ಎಳನೀರನ್ನೂ ಕೊಳವೆಯಿಂದ ಹೀರದೆ ಲೋಟಕ್ಕೆ ಬಗ್ಗಿಸಿ ಕುಡಿಯಬೇಕು. ಆದರೆ ಕುದುರೆಯವರಿಗೆ ಬೇರೆಯದೇ ಒಂದು ಅಪಾಯವಿದೆ. ಕುದುರೆಯನ್ನು ಮುಂದಕ್ಕೆ ನಡೆಸಲು ನಾವು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಸರಕ್ಕನೆ ಸೆಳೆದು ಲೊಚಗುಟ್ಟುತ್ತೇವಲ್ಲ, ಆ ಸದ್ದು ಹುಟ್ಟುವುದೇ ಬಾಯೊಳಗಿನ ಹೀರುವಿಕೆಯಿಂದ. ವರ್ಷಗಳ ಅಭ್ಯಾಸವಾದ್ದರಿಂದ ಅದು ಅರಿವಿಲ್ಲದೆಯೇ ಬಾಯಿಗೆ ಬರುತ್ತದೆ. ಹಾಗಾಗಿ ಆ ಕೆಲವು ದಿನ ಹಗ್ಗವನ್ನು ಹಿಡಿಯುವ ಕೆಲಸವನ್ನೇ ಬೇರೆಯವರಿಗೆ ಒಪ್ಪಿಸುವುದು ಕ್ಷೇಮ.

ಅರಿವಳಿಕೆಯ ಮರಗಟ್ಟುವಿಕೆ ಕೆಳದವಡೆಯಲ್ಲಿ ಹಲವು ಗಂಟೆ ಉಳಿಯಬಹುದು. ಅಷ್ಟು ಹೊತ್ತು ತುಟಿ, ಕೆನ್ನೆ ಕಚ್ಚಿಕೊಂಡರೂ ತಿಳಿಯುವುದಿಲ್ಲವಾದ್ದರಿಂದ ಏನನ್ನೂ ಅಗಿಯದೆ, ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಒತ್ತಿಕೊಳ್ಳುತ್ತ, ತಲೆಯನ್ನು ಎತ್ತರದ ದಿಂಬಿಗೆ ಒರಗಿಸಿ ಮಲಗಬೇಕು. ಮರಗಟ್ಟಿದ್ದು ಇಳಿದ ಮೇಲೆ ಆರಿದ ರಾಗಿ ಗಂಜಿ ಅಥವಾ ಮೆತ್ತಗೆ ಕಲಸಿದ ಮೊಸರನ್ನ ಸಾಕು. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು 24 ಗಂಟೆಗಳ ನಂತರದ ಮಾತು. ಔಷಧಿಯ ಬಗ್ಗೆ ಒಂದನ್ನು ಮಾತ್ರ ವೈದ್ಯರಿಂದ ಖಚಿತಪಡಿಸಿಕೊಳ್ಳಿ: ಟ್ರಮಡಾಲ್‌ನಂತಹ ಮಂಪರು ತರಿಸುವ ನೋವುಮಾತ್ರೆ ಕೊಟ್ಟಿದ್ದರೆ, ವಾಹನ ಓಡಿಸುವುದಿರಲಿ, ಕುದುರೆಯ ಹಿಂಗಾಲಿನ ಬಳಿ ಸುಳಿಯುವುದೂ ಬೇಡ.

ಸಂಜೆ ಲಾಯಕ್ಕೆ ಹೋಗಲೇಬೇಕೆನಿಸಿದರೆ ಹೋಗಿ, ಆದರೆ ನೋಡುವುದಕ್ಕಷ್ಟೇ ಹೋಗಿ. ಗೊರಸು ಎತ್ತಲು ಬಾಗಿದರೆ ಅಥವಾ ನೀರಿನ ಬಕೆಟ್ ಎತ್ತಿದರೆ ರಕ್ತದೊತ್ತಡ ಏರಿ, ಹಲ್ಲಿನ ಗುಳಿ ಮತ್ತೆ ಜಿನುಗತೊಡಗುತ್ತದೆ. ಒಣಹುಲ್ಲಿಗೆ ಮೊದಲೇ ನೀರು ಚಿಮುಕಿಸಲು ಹೇಳಿ ಮಾಸ್ಕ್ ಹಾಕಿಕೊಂಡರೆ ಧೂಳು ಬಾಯಿಗೆ ಸೇರುವುದಿಲ್ಲ, ಉಗುಳುವ ಪ್ರಸಂಗವೂ ಬರುವುದಿಲ್ಲ. ನೊಣ ಓಡಿಸಲು ಕುದುರೆ ತಲೆ ಕೊಡವಿದಾಗ ಆ ಪೆಟ್ಟು ನೇರವಾಗಿ ದವಡೆಗೇ ಬೀಳಬಹುದು. ಆದ್ದರಿಂದ ಮುಖದೆದುರು ನಿಲ್ಲದೆ ಗೋದಲಿಯಿಂದ ದೂರ ಕುರ್ಚಿ ಹಾಕಿಕೊಳ್ಳಿ. ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಟೆಟನಿಯ ಬೀಜಕಣಗಳು ಕುದುರೆಯ ಲದ್ದಿಯಲ್ಲೂ ಲಾಯದ ಮಣ್ಣಿನಲ್ಲೂ ಇರುತ್ತವೆ. ಕೈ ತೊಳೆಯದೆ ಬಾಯಿ ಮುಟ್ಟಕೂಡದು. 10 ವರ್ಷಕ್ಕೊಮ್ಮೆ ಹಾಕಿಸಬೇಕಾದ ಚುಚ್ಚುಮದ್ದು ಬಾಕಿಯಿದ್ದರೆ ಹಲ್ಲು ಕೀಳಿಸುವ ಮೊದಲೇ ಹಾಕಿಸಿಕೊಳ್ಳಬೇಕು.

ಸವಾರಿಯಿಲ್ಲದ ಇಂತಹ ಸಂಜೆ ಕುದುರೆಯ ಹಲ್ಲನ್ನು ಗಮನಿಸಲು ತಕ್ಕ ಸಮಯ. ಅದರ ದವಡೆ ಹಲ್ಲುಗಳು ವರ್ಷಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಹೊರಬರುತ್ತ, ಅಷ್ಟೇ ಸವೆಯುತ್ತ ಹೋಗುತ್ತವೆ. ಮೇಲ್ದವಡೆ ಕೆಳದವಡೆಗಿಂತ ಅಗಲವಾಗಿರುವುದರಿಂದ ಮೇಲಿನ ಹಲ್ಲುಗಳ ಹೊರ ಅಂಚು ಮತ್ತು ಕೆಳಗಿನವುಗಳ ಒಳ ಅಂಚು ಸವೆಯದೆ ಚೂಪಾಗಿ, ಕೆನ್ನೆಯನ್ನೂ ನಾಲಿಗೆಯನ್ನೂ ಗೀರುತ್ತವೆ. ಅಗಿಯುವಾಗ ತಲೆಯನ್ನು ಒಂದು ಬದಿಗೆ ವಾಲಿಸುವುದು, ಅರೆಬರೆ ಅಗಿದ ಹುಲ್ಲನ್ನು ಉಂಡೆಯಾಗಿ ಕೆಳಗೆ ಬೀಳಿಸುವುದು, ಲದ್ದಿಯಲ್ಲಿ ಇಡೀ ಹುರುಳಿಕಾಳು ಕಾಣಿಸುವುದು, ಕಡಿವಾಣಕ್ಕೆ ತಕರಾರು ಮಾಡುವುದು, ಇವೆಲ್ಲ ಅದರ ಲಕ್ಷಣಗಳು. ನಮ್ಮಲ್ಲಿ ಅನೇಕರು ಕಡಿವಾಣದ ತಕರಾರನ್ನು ಕುದುರೆಯ ಹಟವೆಂದು ಬಗೆದು ಲಗಾಮನ್ನು ಇನ್ನಷ್ಟು ಬಿಗಿಯುತ್ತಾರೆ, ಇದು ಸರಿಯಲ್ಲ. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಂದ ಬಾಯಿ ಪರೀಕ್ಷಿಸಿ, ಅಗತ್ಯವಿದ್ದಷ್ಟು ಅರ ಹಾಕಿಸಬೇಕು. ಆದರೆ ಆ ದಿನವೂ ನಿಮ್ಮ ದಂತವೈದ್ಯರ ದಿನವೂ ಒಂದೇ ಆಗದಿರಲಿ: ಮಂಪರು ಚುಚ್ಚುಮದ್ದು ಕೊಟ್ಟ ಕುದುರೆಯ ತಲೆಯ ಭಾರವನ್ನು ಒಬ್ಬರು ಗಟ್ಟಿಯಾಗಿ ಆಧರಿಸಬೇಕಾಗುತ್ತದೆ, ಮಂಪರು ಪೂರ್ತಿ ಇಳಿಯುವವರೆಗೆ ಅದು ಮೇವಿಗೆ ಬಾಯಿ ಹಾಕದಂತೆ ಕಾಯಬೇಕಾಗುತ್ತದೆ.

ಮತ್ತೆ ಜೀನು ಏರುವ ದಿನವನ್ನು ವೈದ್ಯರು ಗಾಯ ನೋಡಿ ಹೇಳಲಿ. ಎಲುಬು ಕೊರೆದು ತೆಗೆದ ಬುದ್ಧಿಹಲ್ಲಿಗೆ ಸಾಮಾನ್ಯ ಹಲ್ಲಿಗಿಂತ ಹೆಚ್ಚು ಕಾಲ ಬೇಕು. ನೋವಿಲ್ಲವೆನ್ನುವುದನ್ನು ನೋವುಮಾತ್ರೆ ನಿಲ್ಲಿಸಿದ ಮೇಲೆ ತೀರ್ಮಾನಿಸಬೇಕು. ಮೊದಲಿಗೆ ಹೆಲ್ಮೆಟ್ಟಿನ ಗಲ್ಲಪಟ್ಟಿಯನ್ನು ಸವಾರಿಯಷ್ಟೇ ಬಿಗಿಯಾಗಿ ಕಟ್ಟಿಕೊಂಡು ನೆಲದ ಮೇಲೆಯೇ ಸ್ವಲ್ಪ ಹೊತ್ತು ಓಡಾಡಿ ನೋಡಿ. ಊದಿದ ದವಡೆಗೆ ಪಟ್ಟಿ ಒತ್ತುತ್ತಿದ್ದರೆ ಅದನ್ನು ಸಡಿಲಿಸಿ ಏರುವ ಯೋಚನೆ ಬೇಡ, ಆ ದಿನದ ಸವಾರಿಯನ್ನೇ ಬಿಡಿ. ಒತ್ತದಿದ್ದರೆ ಒಂದೆರಡು ದಿನ ನಡಿಗೆಯಲ್ಲೇ ಸಾಗಿ, ಕುಲುಕಾಟಕ್ಕೆ ಹಲ್ಲು ಕಚ್ಚಿ ಹಿಡಿಯುವಂತೆ ಮಾಡುವ ಟ್ರಾಟನ್ನು (ಕುದುರೆಯ ದುಡುಕು ಓಟವನ್ನು) ಆಮೇಲೆ ಆರಂಭಿಸಬಹುದು.