ಇಲಿ ಬದುಕಿತು, ಮನುಷ್ಯ ಕುರುಡಾದ: ಜರ್ಮನಿಯಲ್ಲಿ ರಾಸಾಯನಿಕಗಳ ಅಪಾಯ ವರ್ಗೀಕರಿಸಲು ಹೊರಟವರಿಗೆ

ಜರ್ಮನಿಯಲ್ಲಿ ರಾಸಾಯನಿಕಗಳನ್ನು ಆಮದು ಮಾಡಿಕೊಳ್ಳುವ ಸಣ್ಣ ಕಂಪನಿಗಳಿಗೆ ಹೊಸದಾಗಿ ಸೇರಿದ ಮೂವರು ಕನ್ನಡಿಗರು, ಕಳೆದ ಎರಡು ವರ್ಷಗಳಲ್ಲಿ, ತಾವು ಸಿದ್ಧಪಡಿಸಿದ, ಸರಕಿನ ಅಪಾಯಗಳನ್ನು ವಿವರಿಸುವ ಸುರಕ್ಷತಾ ಮಾಹಿತಿ ಪತ್ರವನ್ನು ಒಮ್ಮೆ ನೋಡಿಕೊಡಿ ಎಂದು ನನಗೆ ಕಳುಹಿಸಿದರು. ಮೂರರಲ್ಲೂ ಒಂದೇ ತಪ್ಪಿತ್ತು. ಎಂಟು ವರ್ಷಗಳ ಹಿಂದೆ ನಾನು ಮಾಡಿದ್ದೂ ಅದೇ ತಪ್ಪು. ಓದಿಕೊಂಡವರು, ಲೆಕ್ಕದಲ್ಲಿ ಪಳಗಿದವರು, ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದವರೇ ಈ ಗುಂಡಿಗೆ ಬೀಳುತ್ತಾರೆ. ಏಕೆಂದರೆ ಇದು ಲೆಕ್ಕ ಬಾರದವರ ತಪ್ಪಲ್ಲ, ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರ ತಪ್ಪು. ಒಂಬತ್ತು ಅಪಾಯ ಚಿತ್ರಗಳು ಯಾವುವು, ಮಾಹಿತಿ ಪತ್ರದ ಹದಿನಾರು ವಿಭಾಗಗಳಲ್ಲಿ ಏನೇನು ಇರುತ್ತದೆ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಈ ಕೆಲಸಕ್ಕೆ ಬಂದವರಿಗೆ ಅದು ಗೊತ್ತೇ ಇರುತ್ತದೆ.

ಜರ್ಮನಿಗೆ ತನ್ನದೇ ಆದ ವರ್ಗೀಕರಣ ಕಾನೂನು ಇಲ್ಲ. ಇಲ್ಲಿ ನಡೆಯುವುದು ಐರೋಪ್ಯ ಒಕ್ಕೂಟದ 1272/2008ನೆಯ ನಿಯಮ, ಎಲ್ಲರೂ ಸಿಎಲ್‌ಪಿ ಎಂದು ಕರೆಯುವುದು. ಅದು 2009ರ ಜನವರಿಯಲ್ಲಿ ಜಾರಿಗೆ ಬಂತು. 2010ರ ಡಿಸೆಂಬರ್‌ನಿಂದ ಶುದ್ಧ ವಸ್ತುಗಳಿಗೂ 2015ರ ಜೂನ್‌ನಿಂದ ಮಿಶ್ರಣಗಳಿಗೂ ಕಡ್ಡಾಯವಾಯಿತು. ರಾಸಾಯನಿಕಗಳ ಅಪಾಯ ಗುರುತಿಸಲು ವಿಶ್ವಸಂಸ್ಥೆ ರೂಪಿಸಿದ ಜಿಎಚ್‌ಎಸ್ ಪದ್ಧತಿಯೇ ಇದರ ಮೂಲ. ಆದರೆ ಆ ಪದ್ಧತಿಯಲ್ಲಿ ಯಾವ ವರ್ಗವನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಆಯಾ ದೇಶಕ್ಕೆ ಬಿಟ್ಟ ವಿಷಯ. ಬೇರೆ ದೇಶದಿಂದ ಬಂದ ಮಾಹಿತಿ ಪತ್ರದಲ್ಲಿ ಎಚ್ 303, ಎಚ್ 316, ಎಚ್ 227 ಅಥವಾ ಎಚ್ 402 ಎಂಬ ಅಪಾಯ ವಾಕ್ಯಗಳ ಸಂಕೇತಗಳು ಕಂಡರೆ ಅಲ್ಲಿಗೇ ನಿಲ್ಲಿಸಿ. ಇವು ಜಿಎಚ್‌ಎಸ್‌ನಲ್ಲಿ ಇವೆ, ಸಿಎಲ್‌ಪಿಯಲ್ಲಿ ಇಲ್ಲ. ಅವು ಇರುವ ಪತ್ರವನ್ನು ಜರ್ಮನ್ ಭಾಷೆಗೆ ತಿರುಗಿಸಿದ ಮಾತ್ರಕ್ಕೆ ಅದು ಐರೋಪ್ಯ ಪತ್ರ ಆಗುವುದಿಲ್ಲ. ನೋಡುವ ಅಧಿಕಾರಿಗೆ ಇದು ನಕಲು ಎಂಬುದು ಮೊದಲ ಪುಟದಲ್ಲೇ ತಿಳಿದುಹೋಗುತ್ತದೆ.

ಈಗ ಆ ಗುಂಡಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕಂಪನಿ ಆಗ ಮುದ್ರಣ ಯಂತ್ರಗಳನ್ನು ಒರೆಸುವ ಒಂದು ದ್ರಾವಣವನ್ನು ಹೊರಗಿನಿಂದ ತರಿಸುತ್ತಿತ್ತು. ಅದರಲ್ಲಿ ಶೇಕಡ 25ರಷ್ಟು ಮೆಥನಾಲ್ ಇತ್ತು, ಉಳಿದದ್ದು ಬಹುಪಾಲು ನೀರು. ಸರಬರಾಜುದಾರರ ಪತ್ರದ ಹನ್ನೊಂದನೆಯ ವಿಭಾಗದಲ್ಲಿ, ಇಲಿಗೆ ಬಾಯಿಯ ಮೂಲಕ ಕೊಟ್ಟಾಗ ಮೆಥನಾಲಿನ ಮಾರಕ ಪ್ರಮಾಣ, ಅಂದರೆ ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಎಲ್‌ಡಿ 50, ಕಿಲೋಗ್ರಾಂ ತೂಕಕ್ಕೆ 5,000 ಮಿಲಿಗ್ರಾಂಗಿಂತ ಹೆಚ್ಚು ಎಂದು ಬರೆದಿತ್ತು. ಸಿಎಲ್‌ಪಿಯಲ್ಲಿ ಬಾಯಿಯ ಮೂಲಕದ ತೀವ್ರ ವಿಷತ್ವ 2,000 ಮಿಲಿಗ್ರಾಂಗೆ ಮುಗಿಯುತ್ತದೆ: 5ರವರೆಗೆ ಅತ್ಯಂತ ಕಠಿಣವಾದ ಮೊದಲ ವರ್ಗ, 50ರವರೆಗೆ ಎರಡನೆಯದು, 300ರವರೆಗೆ ಮೂರನೆಯದು, 2,000ದವರೆಗೆ ನಾಲ್ಕನೆಯದು. ಶುದ್ಧ ಮೆಥನಾಲೇ ಆ ಗೆರೆಯಾಚೆ ಇರುವಾಗ ಅದರ ಕಾಲು ಭಾಗವಿರುವ ನೀರಿಗೆ ಇನ್ನೆಂಥ ವಿಷದ ಗುರುತು ಎಂದುಕೊಂಡೆ. ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶ, ಅಳೆಸಿದಾಗ 23 ಮತ್ತು 60 ಡಿಗ್ರಿಯ ನಡುವೆ ಬಂತು. ಕ್ಯಾನಿನ ಚೀಟಿಯ ಮೇಲೆ ಜ್ವಾಲೆಯ ಚಿತ್ರ ಹಾಕಿ, ಅದರ ಪಕ್ಕದಲ್ಲಿ ‘ಆಖ್ಟುಂಗ್’ ಎಂಬ ಸೌಮ್ಯವಾದ ಎಚ್ಚರಿಕೆ ಪದವನ್ನು ಅಚ್ಚು ಮಾಡಿಸಿದೆ.

ರಾಜ್ಯದ ತಪಾಸಣಾ ಇಲಾಖೆಯಿಂದ ಬಂದ ಅಧಿಕಾರಿ ಗೋದಾಮಿನಲ್ಲಿ ಆ ಕ್ಯಾನಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಮಾಹಿತಿ ಪತ್ರ ತೆರೆದು, ಮೂರನೆಯ ವಿಭಾಗದಲ್ಲಿ ಮೆಥನಾಲ್ ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟು, ‘ಎದೆಯಲ್ಲಿ ಬಿಳಿ ನಕ್ಷತ್ರವಿರುವ ಮನುಷ್ಯ ಎಲ್ಲಿ?’ ಎಂದು ಕೇಳಿದರು. ದೇಹದ ಒಳಗಿನ ಅಂಗಗಳಿಗೆ ಗಂಭೀರ ಹಾನಿ ಎಂದು ಹೇಳುವ ಚಿತ್ರ ಅದು. ನಾನು ನನ್ನ ಲೆಕ್ಕದ ಹಾಳೆಯನ್ನು ಮುಂದಿಟ್ಟೆ. ಅವರು ಅದನ್ನು ಓದಲೇ ಇಲ್ಲ. ಪಟ್ಟಿ ನೋಡಿದ್ದೀರಾ ಎಂದಷ್ಟೇ ಕೇಳಿದರು.

ಅವರು ಹೇಳಿದ ಪಟ್ಟಿ ಸಿಎಲ್‌ಪಿಯ ಆರನೆಯ ಅನುಬಂಧದ ಮೂರನೆಯ ಕೋಷ್ಟಕ. ಒಕ್ಕೂಟವೇ ಕುಳಿತು ತೀರ್ಮಾನಿಸಿದ, ಎಲ್ಲ ಸದಸ್ಯ ರಾಷ್ಟ್ರಗಳಿಗೂ ಸಮಾನವಾದ ವರ್ಗೀಕರಣಗಳು ಅದರಲ್ಲಿವೆ. ಒಂದು ವಸ್ತು ಅಲ್ಲಿದ್ದರೆ, ಅಲ್ಲಿ ಹೇಳಿದ ಅಪಾಯಗಳ ಮಟ್ಟಿಗೆ ನಿಮ್ಮ ಸ್ವಂತ ತೀರ್ಮಾನಕ್ಕೆ ಜಾಗವೇ ಇಲ್ಲ. ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ಮೆಥನಾಲಿನ ಸಾಲಿನಲ್ಲಿ ಹೀಗಿದೆ: ಬಾಯಿ, ಚರ್ಮ, ಉಸಿರು ಮೂರೂ ದಾರಿಯಲ್ಲಿ ತೀವ್ರ ವಿಷತ್ವದ 3ನೆಯ ವರ್ಗ, ಒಂದೇ ಸಲದ ಸಂಪರ್ಕದಿಂದ ಅಂಗಹಾನಿ, 1ನೆಯ ವರ್ಗ, ಎಚ್ 370. ಅದರ ಪಕ್ಕದಲ್ಲಿ ಮಿತಿಗಳೂ ಇವೆ. ಮಿಶ್ರಣದಲ್ಲಿ ಶೇಕಡ 10 ಅಥವಾ ಅದಕ್ಕಿಂತ ಹೆಚ್ಚು ಮೆಥನಾಲ್ ಇದ್ದರೆ ಅಂಗಹಾನಿಯ 1ನೆಯ ವರ್ಗ, 3ರಿಂದ 10ರ ಒಳಗಿದ್ದರೆ 2ನೆಯ ವರ್ಗ.

ಇಲಿಯ ಅಂಕಿ ಸುಳ್ಳಾಗಿತ್ತೇ ಎಂದರೆ, ಇಲ್ಲ. ಅಂಕಿ ನಿಜವೇ, ಆದರೆ ಅದು ಇಲಿಯ ನಿಜ. ಮೆಥನಾಲ್ ದೇಹದೊಳಗೆ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ. ಇಲಿಯ ಪಿತ್ತಜನಕಾಂಗ ಈ ಆಮ್ಲವನ್ನು ಬೇಗ ಸುಟ್ಟುಬಿಡುತ್ತದೆ. ಅದಕ್ಕೆ ಬೇಕಾದ ಫೋಲೇಟ್ ಇಲಿಯಲ್ಲಿ ಧಾರಾಳ, ಮನುಷ್ಯನಲ್ಲಿ ಕಡಿಮೆ. ಆದ್ದರಿಂದ ನಮ್ಮ ರಕ್ತದಲ್ಲಿ ಫಾರ್ಮಿಕ್ ಆಮ್ಲ ಶೇಖರವಾಗಿ, ರಕ್ತ ಆಮ್ಲೀಯವಾಗಿ, ಕಣ್ಣಿನ ನರವೇ ಹಾಳಾಗುತ್ತದೆ. ಕಳ್ಳಭಟ್ಟಿ ಕುಡಿದು ಕಣ್ಣು ಕಳೆದುಕೊಂಡವರ ಸುದ್ದಿ ಓದಿದ ಯಾರಿಗೂ ಇದು ಹೊಸದಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕದ ಹಾಳೆಯ ಮೇಲೆ ಇಲಿಯ ಅಂಕಿಯನ್ನೇ ನಂಬಿದ್ದೆನಲ್ಲ, ಅದು ಇಂದಿಗೂ ನನ್ನನ್ನು ಕಾಡುತ್ತದೆ. ಆ ಕ್ಯಾನನ್ನು ಬರಿಗೈಯಲ್ಲಿ ಎತ್ತಿ ಸುರಿಯುವ ಮುದ್ರಣಾಲಯದ ಕೆಲಸಗಾರನಿಗೆ ಚೀಟಿಯ ಹೊರತು ಬೇರೆ ಯಾವ ಎಚ್ಚರಿಕೆಯೂ ಇರುವುದಿಲ್ಲ.

ಸರಿಯಾದ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಇದೇ ದ್ರಾವಣದ ಮೇಲೆ ತೋರಿಸುತ್ತೇನೆ. ಪಟ್ಟಿಯಲ್ಲಿ ತೀವ್ರ ವಿಷತ್ವಕ್ಕೆ ನೇರವಾಗಿ ಒಂದು ಅಂಕಿ ಕೊಟ್ಟಿದ್ದರೆ ಅದನ್ನೇ ಬಳಸಬೇಕು. ಬರೀ ವರ್ಗ ಕೊಟ್ಟಿದ್ದರೆ ಆ ವರ್ಗಕ್ಕೆ ನಿಗದಿಯಾದ ಪರಿವರ್ತಿತ ಅಂಕಿಯನ್ನು ತೆಗೆದುಕೊಳ್ಳಬೇಕು: 3ನೆಯ ವರ್ಗಕ್ಕೆ ಬಾಯಿಯ ಮೂಲಕ 100, ಚರ್ಮದ ಮೂಲಕ 300 ಮಿಲಿಗ್ರಾಂ, ಆವಿಯಾದರೆ ಲೀಟರಿಗೆ 3 ಮಿಲಿಗ್ರಾಂ. ಶೇಕಡ 25ರ ದ್ರಾವಣದಲ್ಲಿ ಉಳಿದುದೆಲ್ಲ ನಿರಪಾಯವಾದರೆ ಈ ಮೂರೂ ಅಂಕಿಗಳನ್ನು ನಾಲ್ಕರಿಂದ ಗುಣಿಸಿದರೆ ಸಾಕು: 400, 1,200 ಮತ್ತು 12. ಮೂರೂ 4ನೆಯ ವರ್ಗಕ್ಕೆ ಬೀಳುತ್ತವೆ, ಆಶ್ಚರ್ಯಸೂಚಕ ಚಿತ್ರ ಬೇಕಾಗುತ್ತದೆ. ಅಂಗಹಾನಿಯ 1ನೆಯ ವರ್ಗ ಇರುವುದರಿಂದ ನಕ್ಷತ್ರದ ಮನುಷ್ಯನೂ ‘ಗೆಫಾರ್’ ಎಂಬ ಕಠಿಣ ಪದವೂ ಬರುತ್ತವೆ. ಅದೇ ದ್ರಾವಣದಲ್ಲಿ ಮೆಥನಾಲ್ ಶೇಕಡ 30 ಮುಟ್ಟಿದರೆ ಚರ್ಮದ ಅಂಕಿ 1,000ಕ್ಕೂ ಆವಿಯ ಅಂಕಿ 10ಕ್ಕೂ ಇಳಿದು, ಎರಡೂ 3ನೆಯ ವರ್ಗದೊಳಗೆ ಬಂದು, ತಲೆಬುರುಡೆಯ ಚಿತ್ರವೇ ಬೇಕಾಗುತ್ತದೆ. ಇಲಿಯ ಅಂಕಿ ಹಿಡಿದು ನಾನು ಮಾಡಿದ ಲೆಕ್ಕದಲ್ಲಿ ಇವುಗಳಲ್ಲಿ ಒಂದೂ ಬಂದಿರಲಿಲ್ಲ.

ತಪ್ಪು ತಿದ್ದಲು ಆರು ವಾರ ಹಿಡಿಯಿತು, ನಾಲ್ಕು ಸಾವಿರ ಯೂರೋಗೂ ಮೀರಿ ಖರ್ಚಾಯಿತು. ಗೋದಾಮಿನ ಕ್ಯಾನುಗಳಿಗೆ ಹೊಸ ಚೀಟಿ ಅಂಟಿಸುವುದು ಅದರಲ್ಲಿ ಸಣ್ಣ ಭಾಗ. ಆರೋಗ್ಯದ ಅಪಾಯದ ಬಗ್ಗೆ ಹೊಸ ಮಾಹಿತಿ ಸಿಕ್ಕೊಡನೆ ಪತ್ರವನ್ನು ತಿದ್ದಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಸರಕು ಪಡೆದ ಪ್ರತಿಯೊಬ್ಬರಿಗೂ ತಲುಪಿಸಬೇಕೆಂದು ರಾಸಾಯನಿಕಗಳ ಬಗ್ಗೆ ಒಕ್ಕೂಟದ ಇನ್ನೊಂದು ನಿಯಮವಾದ ರೀಚ್ ಹೇಳುತ್ತದೆ. ಒಬ್ಬೊಬ್ಬ ಗ್ರಾಹಕನ ವಿಳಾಸ ಹುಡುಕಿ, ಅವರ ಕಪಾಟಿನಲ್ಲಿದ್ದ ಕ್ಯಾನುಗಳನ್ನು ವಾಪಸು ತರಿಸಿಕೊಂಡೆವು. ಇನ್ನೊಂದು ಪೆಟ್ಟನ್ನು ನಾವು ಊಹಿಸಿಯೇ ಇರಲಿಲ್ಲ. ತಲೆಬುರುಡೆಯ ಚಿತ್ರವಿರುವ, ಅಥವಾ ಎಚ್ 370ರಂಥ ವಾಕ್ಯಗಳನ್ನು ಹೊತ್ತ ಸರಕನ್ನು ಖಾಸಗಿ ಗ್ರಾಹಕರಿಗೆ ಮಾರಲು ಜರ್ಮನಿಯ ರಾಸಾಯನಿಕ ನಿಷೇಧ ನಿಯಮಾವಳಿಯ ಪ್ರಕಾರ ಅನುಮತಿ ಬೇಕು, ಪರೀಕ್ಷೆ ಪಾಸಾದ ಪರಿಣತ ವ್ಯಕ್ತಿಯೂ ಬೇಕು. ಅಂದರೆ ಚೀಟಿಯ ಮೇಲಿನ ಒಂದು ಸಂಕೇತ ಬದಲಾದರೆ ನಿಮ್ಮ ವ್ಯಾಪಾರದ ಸ್ವರೂಪವೇ ಬದಲಾಗುತ್ತದೆ. ಆದ್ದರಿಂದ ವರ್ಗೀಕರಣ ಮುಗಿಯುವ ಮೊದಲು ಸರಕಿಗೆ ಆರ್ಡರ್ ಕೊಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಪಟ್ಟಿ ನೋಡಿದ ಮೇಲೂ ಮೈಮರೆಯುವಂತಿಲ್ಲ. ಕೆಲವು ವರ್ಗಗಳ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಚಿಹ್ನೆ (*) ಇರುತ್ತದೆ. ಮೆಥನಾಲಿನ ತೀವ್ರ ವಿಷತ್ವದ ಪಕ್ಕದಲ್ಲೂ ಇದೆ. ಇದು ಕನಿಷ್ಠ ವರ್ಗ ಎಂಬುದು ಅದರ ಅರ್ಥ. 1967ರ ಹಳೆಯ ನಿರ್ದೇಶನದಿಂದ ಹೊಸ ಪದ್ಧತಿಗೆ ದಾಟಿಸುವಾಗ ಗಡಿಗಳು ಹೊಂದಲಿಲ್ಲ. ಹಳೆಯದರಲ್ಲಿ 25ರಿಂದ 200 ಮಿಲಿಗ್ರಾಂವರೆಗಿನದೆಲ್ಲ ‘ವಿಷಕಾರಿ’ ಆಗಿತ್ತು. ಅದನ್ನು ಒಟ್ಟಾಗಿ 3ನೆಯ ವರ್ಗಕ್ಕೆ ಹಾಕಿದರು. ಆದರೆ 25ರಿಂದ 50ರೊಳಗೆ ಇದ್ದ ವಸ್ತು ನ್ಯಾಯವಾಗಿ 2ನೆಯ ವರ್ಗಕ್ಕೆ ಸೇರಬೇಕು. ನಕ್ಷತ್ರ ಕಂಡಲ್ಲಿ, ಇರುವ ದತ್ತಾಂಶ ಇನ್ನೂ ಕಠಿಣ ವರ್ಗವನ್ನು ಹೇಳುತ್ತದೆಯೇ ಎಂದು ಪರಿಶೀಲಿಸುವ ಹೊಣೆ ನಿಮ್ಮದು. ಮೇಲಕ್ಕೆ ಹೋಗಬಹುದು, ಕೆಳಗಿಳಿಯುವಂತಿಲ್ಲ. ಹಾಗೆಯೇ ಪಟ್ಟಿ ಮಾತನಾಡದ ಅಪಾಯಗಳನ್ನು, ಉದಾಹರಣೆಗೆ ಜಲಚರಗಳ ಮೇಲಿನ ಪರಿಣಾಮದ ಅಂಕಣ ಖಾಲಿ ಇದ್ದರೆ ಅದನ್ನು, ನೀವೇ ತೂಗಿ ನೋಡಬೇಕು. ಖಾಲಿ ಅಂಕಣಕ್ಕೆ ಅಪಾಯವಿಲ್ಲ ಎಂಬ ಅರ್ಥವಿಲ್ಲ.

ಪಟ್ಟಿ ಬದಲಾಗುತ್ತಲೂ ಇರುತ್ತದೆ. ಎನ್‌ಎಂಪಿ ಎಂಬ ದ್ರಾವಕ ಗರ್ಭಸ್ಥ ಶಿಶುವಿಗೆ ಹಾನಿಕರ ಎಂದು 1ಬಿ ವರ್ಗದಲ್ಲಿದೆ. ಮೊದಲು ಅದಕ್ಕೆ ಶೇಕಡ 5ರ ವಿಶೇಷ ಮಿತಿಯಿತ್ತು. ಅದನ್ನು ತೆಗೆದುಹಾಕಿದ ಮೇಲೆ, 2018ರ ಮಾರ್ಚ್‌ನಿಂದ, ಸಾಮಾನ್ಯ ಮಿತಿಯಾದ ಶೇಕಡ 0.3 ಅನ್ವಯಿಸುತ್ತದೆ. ಶೇಕಡ 3ರಷ್ಟು ಎನ್‌ಎಂಪಿ ಇದ್ದ ಮಿಶ್ರಣದಲ್ಲಿ ಒಂದು ಹನಿಯೂ ಬದಲಾಗದೆ ಅದರ ಚೀಟಿ ಬದಲಾಯಿತು. ಫಾರ್ಮಾಲ್ಡಿಹೈಡ್ ಕೂಡ ಹೀಗೆಯೇ ಕ್ಯಾನ್ಸರ್‌ಕಾರಕಗಳ 2ನೆಯ ವರ್ಗದಿಂದ 1ಬಿಗೆ ಏರಿತು. ಹಳೆಯ ಪತ್ರದ ಮೇಲೆ ದಿನಾಂಕ ಮಾತ್ರ ತಿದ್ದಿ ಕಳುಹಿಸುವ ಸರಬರಾಜುದಾರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಹೆಲ್ಸಿಂಕಿಯಲ್ಲಿರುವ ಐರೋಪ್ಯ ರಾಸಾಯನಿಕ ಸಂಸ್ಥೆಯ ಜಾಲತಾಣದಲ್ಲಿ ಸಿಎಎಸ್ ಸಂಖ್ಯೆ, ಅಂದರೆ ಆಯಾ ರಾಸಾಯನಿಕದ ಗುರುತಿನ ಸಂಖ್ಯೆ, ಹಾಕಿದರೆ ಪಟ್ಟಿಯ ಸಾಲು ಉಚಿತವಾಗಿ ಸಿಗುತ್ತದೆ. ಅಲ್ಲೇ ಕಂಪನಿಗಳು ತಾವಾಗಿ ಸಲ್ಲಿಸಿದ ವರ್ಗೀಕರಣಗಳೂ ಕಾಣುತ್ತವೆ, ಒಂದೇ ವಸ್ತುವಿಗೆ ಒಂದಕ್ಕೊಂದು ತಾಳೆಯಾಗದ ಹಲವು. ಅದರಲ್ಲಿ ಸೌಮ್ಯವಾದದ್ದನ್ನೋ ಹೆಚ್ಚು ಮಂದಿ ಸಲ್ಲಿಸಿದ್ದನ್ನೋ ಆರಿಸಿಕೊಂಡು ಕೆಲಸ ಮುಗಿಸುವುದು ಎರಡನೆಯ ಗುಂಡಿ. ಅನುಮಾನ ಬಂದರೆ ಡಾರ್ಟ್‌ಮುಂಡ್‌ನಲ್ಲಿರುವ ಫೆಡರಲ್ ಔದ್ಯೋಗಿಕ ಸುರಕ್ಷತಾ ಸಂಸ್ಥೆ, ಬಿಎಯುಎ, ನಡೆಸುವ ಸಹಾಯ ಕೇಂದ್ರಕ್ಕೆ ಬರೆಯಿರಿ. ಶುಲ್ಕವಿಲ್ಲ, ಉತ್ತರ ಬರುತ್ತದೆ. ಎಚ್ ವಾಕ್ಯಗಳನ್ನು ಮಾತ್ರ ನೀವೇ ಜರ್ಮನ್‌ಗೆ ಅನುವಾದಿಸಬೇಡಿ. ಅವುಗಳ ಅಧಿಕೃತ ಪಾಠ ಮೂರನೆಯ ಅನುಬಂಧದಲ್ಲಿದೆ, ಅದನ್ನು ಅಕ್ಷರಶಃ ಬಳಸಬೇಕು. ಆರೋಗ್ಯದ ಅಥವಾ ಭೌತಿಕ ಅಪಾಯವಿರುವ ಮಿಶ್ರಣವಾದರೆ ಅದರ ಪೂರ್ಣ ಸಂಯೋಜನೆಯನ್ನು ವಿಷ ಮಾಹಿತಿ ಕೇಂದ್ರಗಳಿಗಾಗಿ ಸಲ್ಲಿಸಿ, ಯುಎಫ್‌ಐ ಎಂಬ ಹದಿನಾರು ಅಕ್ಷರಗಳ ಗುರುತನ್ನೂ ಪಡೆಯಬೇಕು. ಅದು ಆಮದುದಾರನ ಜವಾಬ್ದಾರಿ.

ಯಾವ ಪದ್ಧತಿ ಮೇಲು ಎಂದು ನನ್ನನ್ನು ಕೇಳಿದರೆ ಐರೋಪ್ಯ ಪದ್ಧತಿಯೇ ಎನ್ನುತ್ತೇನೆ. ಅಮೆರಿಕದಲ್ಲಿ ಇಂಥ ಕಡ್ಡಾಯ ಪಟ್ಟಿ ಇಲ್ಲ. ತಯಾರಕನೇ ದತ್ತಾಂಶ ನೋಡಿ ತೀರ್ಮಾನಿಸುತ್ತಾನೆ. ವಿಷತಜ್ಞರನ್ನು ಇಟ್ಟುಕೊಂಡ ದೊಡ್ಡ ಕಂಪನಿಗೆ ಅದು ಸರಿ, ಐದು ಜನರ ಕಂಪನಿಗೆ ಅಲ್ಲ. ಭಾರತದ 1989ರ ನಿಯಮಗಳು 1984ರ ಭೋಪಾಲ್ ದುರಂತದ ನೆರಳಿನಲ್ಲಿ ಹುಟ್ಟಿದವು, ದೊಡ್ಡ ಅವಘಡಗಳನ್ನು ತಡೆಯುವುದರ ಮೇಲೆ ಅವುಗಳ ಕಣ್ಣು. ಅದು ಬೇಕಾದದ್ದೇ. ಆದರೆ ಒಂದೊಂದು ಡಬ್ಬಿಯ ಮೇಲೆ ಒಂದೊಂದು ಅಪಾಯವನ್ನು ನಿಖರವಾಗಿ ಹೇಳುವ ಶಿಸ್ತು ಬೇರೆಯೇ ಆದದ್ದು, ಅಲ್ಲಿಂದ ಬಂದವರು ಅದನ್ನು ಇಲ್ಲಿ ಮೊದಲಿನಿಂದ ಕಲಿಯಬೇಕಾಗುತ್ತದೆ.

ಇನ್ನು ಮುಂದೆ ಸರಬರಾಜುದಾರರಿಗೆ ಬರೆಯುವ ಮೊದಲ ಪತ್ರದಲ್ಲೇ ಅವರ ಮಾಹಿತಿ ಪತ್ರದ ಜೊತೆಗೆ ಪೂರ್ಣ ಸಂಯೋಜನೆಯನ್ನು ಸಿಎಎಸ್ ಸಂಖ್ಯೆಗಳ ಸಮೇತ ಕೇಳಿ. ಶೇಕಡ 0.1ರವರೆಗಿನ ಕಲ್ಮಶಗಳನ್ನೂ ಕೇಳಿ, ಏಕೆಂದರೆ ಕ್ಯಾನ್ಸರ್‌ಕಾರಕಗಳ 1ಎ ಮತ್ತು 1ಬಿ ವರ್ಗಗಳ ಸಾಮಾನ್ಯ ಮಿತಿ ಅಲ್ಲಿಂದಲೇ ಶುರುವಾಗುತ್ತದೆ. ಹಾರ್ಮೋನುಗಳಿಗೆ ಅಡ್ಡಿ ಮಾಡುವ ಗುಣವೂ ಸೇರಿದಂತೆ 2023ರಲ್ಲಿ ಸೇರಿಸಿದ ಹೊಸ ಅಪಾಯ ವರ್ಗಗಳ ಬಗ್ಗೆ ಅವರ ಬಳಿ ಏನಿದೆ ಎಂದೂ ಕೇಳಿ. ಹೊಸ ಮಿಶ್ರಣಗಳಿಗೆ ಅವು 2026ರ ಮೇ ತಿಂಗಳಿಂದ ಕಡ್ಡಾಯ, ಅದಕ್ಕೂ ಮೊದಲೇ ಮಾರುಕಟ್ಟೆಯಲ್ಲಿದ್ದ ಮಿಶ್ರಣಗಳಿಗೆ 2028ರ ಮೇವರೆಗೆ ಕಾಲಾವಕಾಶವಿದೆ. ಸಂಯೋಜನೆ ವ್ಯಾಪಾರ ರಹಸ್ಯ ಎಂದು ಅವರು ನಿರಾಕರಿಸಿದರೆ, ಆ ಸರಕನ್ನು ನೀವು ವರ್ಗೀಕರಿಸಲಾರಿರಿ. ಬೇರೆ ಸರಬರಾಜುದಾರರನ್ನು ಹುಡುಕಿ.