ಐಸಿಯುನಿಂದ ಸಿಟಿ ರೂಮಿಗೆ: ಟ್ರಾಲಿ ಹೊರಡುವ ಮುಂಚಿನ ಕೆಲಸ

ತುಮಕೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ರಾಷ್ಟ್ರೀಯ ಹೆದ್ದಾರಿ 48 ಪಕ್ಕದಲ್ಲೇ ಹಾದುಹೋಗುವುದರಿಂದ ತಲೆಗೆ ಪೆಟ್ಟು ಬಿದ್ದವರು ನಮ್ಮಲ್ಲಿ ಸದಾ ಇರುತ್ತಾರೆ. ಅವರನ್ನು ವೆಂಟಿಲೇಟರ್ ಸಮೇತ ಸಿಟಿ ಸ್ಕ್ಯಾನಿಗೆ ಇಳಿಸಬೇಕಾಗುತ್ತದೆ. ‘ಶಿರಾದಿಂದ ಇಲ್ಲೀಗಂಟ ಒಂದೇ ಉಸಿರಿಗೆ ಬಂದ್ವಿ ಸಿಸ್ಟರ್, ಕೆಳಗಿಳಿಸೋಕೆ ಯಾಕಿಷ್ಟೊತ್ತು?’ ಎಂದು ಮನೆಯವರು ಕೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ಹೊತ್ತನ್ನು ನಾನು ಬಿಟ್ಟುಕೊಡುವುದಿಲ್ಲ. ಶಿಫ್ಟಿಂಗಿನ ಮುಕ್ಕಾಲು ಕೆಲಸ ಬೆಡ್ ಪಕ್ಕದಲ್ಲೇ ಮುಗಿದಿರಬೇಕು. ಕಾರಿಡಾರಿನಲ್ಲಿ ಸರಿಮಾಡಲು ಏನೂ ಉಳಿದಿರಬಾರದು.

ಡ್ಯೂಟಿ ಡಾಕ್ಟರನ್ನು ನಾನು ಮೊದಲು ಕೇಳುವುದೇ ಬೇರೆ: ಈ ಸ್ಕ್ಯಾನಿನಿಂದ ಚಿಕಿತ್ಸೆ ಬದಲಾಗುತ್ತದೆಯೇ? ಎದೆಯ ಎಕ್ಸ್-ರೇ, ಹೊಟ್ಟೆಯ ಅಲ್ಟ್ರಾಸೌಂಡ್ ಬೆಡ್ಡಿನಲ್ಲೇ ಆಗುತ್ತವೆ. ಬಿಪಿ ನಿಲ್ಲದ ರೋಗಿಯನ್ನು ಸ್ವಲ್ಪ ಸ್ಥಿರವಾದ ಮೇಲೆ ಕರೆದೊಯ್ಯಬಹುದಾದರೆ ಕಾಯುವುದೇ ಸರಿ.

ಹೋಗಲೇಬೇಕೆಂದಾದರೆ ಆಮ್ಲಜನಕದ ಲೆಕ್ಕ ಹಾಕುತ್ತೇನೆ. ನಾವು ಬಳಸುವ ಬಿ-ಟೈಪ್ ಸಿಲಿಂಡರಿನಲ್ಲಿ 10 ಲೀಟರ್ ನೀರು ಹಿಡಿಯುವಷ್ಟು ಜಾಗವಿದೆ. ಒತ್ತಡದ ಗೇಜ್ 100 ಬಾರ್ ತೋರಿಸಿದರೆ ಒಳಗೆ ಸುಮಾರು 1000 ಲೀಟರ್ ಆಮ್ಲಜನಕ ಇದೆ ಎಂದರ್ಥ. ನಿಮಿಷಕ್ಕೆ 10 ಲೀಟರಿನಂತೆ 100 ನಿಮಿಷ. ಗೇಜ್ 50ರಲ್ಲಿದ್ದರೆ ಅದರ ಅರ್ಧ. ಲಿಫ್ಟ್ ತಡವಾಗಬಹುದು, ಸ್ಕ್ಯಾನ್ ರೂಮಿನಲ್ಲಿ ಇನ್ನೊಬ್ಬರು ಮಲಗಿರಬಹುದು. ಹಾಗಾಗಿ ಅಂದಾಜಿನ ಎರಡರಷ್ಟು ಹೊತ್ತಿಗೆ ಸಾಲದ ಸಿಲಿಂಡರನ್ನು ನಾನು ಒಯ್ಯುವುದಿಲ್ಲ. ಸಿಲಿಂಡರ್ ತೆರೆಯುವ ಕೀಯನ್ನು ಅದರ ಕತ್ತಿಗೇ ಕಟ್ಟಿರುತ್ತೇವೆ. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಮತ್ತು ಮಾಸ್ಕ್ ರೋಗಿಯ ತಲೆಯ ಬಳಿಯೇ ಇರಬೇಕು, ಟ್ರಾಲಿಯ ಕೆಳಗಿನ ತಟ್ಟೆಯಲ್ಲಲ್ಲ.

ಆಮೇಲೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ. ರೋಗಿಯನ್ನು ಟ್ರಾನ್ಸ್‌ಪೋರ್ಟ್ ವೆಂಟಿಲೇಟರಿಗೆ, ಪೋರ್ಟಬಲ್ ಮಾನಿಟರಿಗೆ, ಔಷಧವನ್ನು ನಿಧಾನವಾಗಿ ಒಳಗೆ ತಳ್ಳುವ, ಬ್ಯಾಟರಿ ಮೇಲೆ ಓಡುವ ಸಿರಿಂಜ್ ಪಂಪಿಗೆ ಬದಲಿಸಿ, ಐದು ನಿಮಿಷವಾದರೂ ಅಲ್ಲೇ ನಿಂತು ನೋಡುತ್ತೇವೆ. ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯುವುದಾದರೆ, ಬ್ಯಾಟರಿ ಕೈಕೊಡುವುದಾದರೆ ಇಲ್ಲೇ ಆಗಲಿ. ಇಲ್ಲಿ ಗೋಡೆಯಲ್ಲಿ ಆಮ್ಲಜನಕವಿದೆ, ಪಕ್ಕದಲ್ಲಿ ಡಾಕ್ಟರ್ ಇದ್ದಾರೆ. ಬಿಪಿ ಬೀಳದಂತೆ ಹಿಡಿದಿಡುವ ನಾರ್‌ಅಡ್ರಿನಾಲಿನ್ ಔಷಧದ ಸಿರಿಂಜ್ ಮುಗಿಯುತ್ತ ಬಂದಿದ್ದರೆ ಆಗಲೇ ಹೊಸದು ಹಾಕುತ್ತೇವೆ. ಅದರ ಪರಿಣಾಮ ಕೆಲವೇ ನಿಮಿಷ ಇರುವುದರಿಂದ ದಾರಿಯಲ್ಲಿ ನಿಂತರೆ ಬಿಪಿ ಕುಸಿಯುತ್ತದೆ. ಪಂಪನ್ನು ತಟಕ್ಕನೆ ಮೇಲೆತ್ತಿ ಸ್ಟ್ಯಾಂಡಿಗೆ ಸಿಕ್ಕಿಸುವುದೂ ಬೇಡ. ಎತ್ತರ ಬದಲಾದೊಡನೆ ಒಂದಿಷ್ಟು ಔಷಧ ಒಮ್ಮೆಲೇ ಒಳಗೆ ಹೋಗಬಹುದು.

ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಉಸಿರಿನ ಟ್ಯೂಬ್ ತುಟಿಯ ಬಳಿ ಎಷ್ಟನೇ ಸೆಂಟಿಮೀಟರಿನಲ್ಲಿದೆ ಎಂಬುದನ್ನು ಗಟ್ಟಿಯಾಗಿ ಹೇಳಿ ಚಾರ್ಟಿನಲ್ಲಿ ಬರೆಯುತ್ತೇವೆ. ರೋಗಿಯನ್ನು ಬೆಡ್ಡಿನಿಂದ ಟ್ರಾಲಿಗೆ, ಟ್ರಾಲಿಯಿಂದ ಸ್ಕ್ಯಾನ್ ಟೇಬಲ್ಲಿಗೆ ಎಳೆಯುವಾಗಲೇ ಟ್ಯೂಬ್ ಜರುಗುವುದು ಹೆಚ್ಚು. ಆದ್ದರಿಂದ ತಲೆಯ ಬಳಿ ಟ್ಯೂಬ್ ಹಿಡಿದವರೇ ‘ಒಂದು, ಎರಡು, ಮೂರು’ ಎನ್ನಬೇಕು, ಮಿಕ್ಕವರು ಅದಕ್ಕೆ ಕಾಯಬೇಕು. ಹಿರಿಯ ಡಾಕ್ಟರ್ ಇದ್ದರೂ ಅಷ್ಟೇ. ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್ ಇರುವ ಕಡೆ ಅದನ್ನು ಬಿಟ್ಟು ಹೋಗಬೇಡಿ. ಟ್ಯೂಬ್ ಹೊರಬಂದರೆ ಅದರ ಅಲೆ ಕೂಡಲೇ ಮಾಯವಾಗುತ್ತದೆ. ಬೆರಳಿನ ಸ್ಯಾಚುರೇಶನ್ ಇಳಿಯುವಷ್ಟರಲ್ಲಿ ಅಮೂಲ್ಯವಾದ ಸಮಯ ಕಳೆದಿರುತ್ತದೆ.

ತಲೆ ಪೆಟ್ಟಿನವರ ವಿಷಯದಲ್ಲಿ ಇನ್ನೊಂದು ಮಾತು. ಆಂಬು ಒತ್ತುವವರು ಗಾಬರಿಯಲ್ಲಿ ಬೇಗ ಬೇಗ ಒತ್ತುತ್ತಾರೆ. ಹಾಗೆ ಮಾಡಿದರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ, ಮೊದಲೇ ನೊಂದ ಮಿದುಳಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಐದಾರು ಸೆಕೆಂಡಿಗೊಮ್ಮೆ ಒತ್ತಿದರೆ ಸಾಕು ಎಂದು ನಮ್ಮ ಹೊಸ ಹುಡುಗ ಹುಡುಗಿಯರಿಗೆ ಜೊತೆಯಲ್ಲಿ ನಿಂತು ಎಣಿಸಿಯೇ ಕಲಿಸುತ್ತೇನೆ. ಬಿಪಿ ತಡೆಯುವಂತಿದ್ದರೆ ದಾರಿಯುದ್ದಕ್ಕೂ ತಲೆಯ ಭಾಗ 30 ಡಿಗ್ರಿ ಮೇಲಿರುತ್ತದೆ. ಬೆನ್ನುಮೂಳೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ಬೆನ್ನು ಬಗ್ಗಿಸದೆ ಇಡೀ ಟ್ರಾಲಿಯನ್ನೇ ಓರೆ ಮಾಡುತ್ತೇವೆ. ಚಪ್ಪಟೆಯಾಗಿ ಮಲಗಿಸುವುದು ಸ್ಕ್ಯಾನಿನ ಹೊತ್ತಿಗೆ ಮಾತ್ರ.

ಒಳಗೆ ಕಟ್ಟಿಕೊಂಡ ಗಾಳಿ, ರಕ್ತ ಹೊರತೆಗೆಯಲು ಎದೆಗೆ ಡ್ರೇನ್ ನಳಿಕೆ ಹಾಕಿದ್ದರೆ ಅದರ ಬಾಟಲಿ ಎದೆಗಿಂತ ಕೆಳಗೇ ಇರಬೇಕು. ಅದನ್ನು ರೋಗಿಯ ಕಾಲ ಮೇಲೆ ಇಡಲು ಬಂದ ವಾರ್ಡ್ ಬಾಯ್‌ಗೆ ‘ಬೇಡಣ್ಣ, ಕೆಳಗೇ ಹಿಡ್ಕೊ’ ಎನ್ನುವುದು ನನ್ನ ನಿತ್ಯದ ಮಾತು. ಸಾಗಿಸುವಾಗ ಆ ನಳಿಕೆಗೆ ಕ್ಲ್ಯಾಂಪ್ ಹಾಕುವುದಂತೂ ಅಪಾಯ. ವೆಂಟಿಲೇಟರಿನಲ್ಲಿರುವವರಿಗೆ ಗಾಳಿ ಒಳಗೇ ಕಟ್ಟಿಕೊಂಡು ಹೃದಯವನ್ನೇ ಒತ್ತಿಬಿಡಬಹುದು.

ಹೊರಡುವ ಮೊದಲು ಸ್ಕ್ಯಾನ್ ರೂಮಿಗೆ ಫೋನ್, ಟೇಬಲ್ ಖಾಲಿ ಇದೆಯೇ ಎಂದು. ಲಿಫ್ಟ್ ಬಾಗಿಲು ಹಿಡಿಯಲು ಸೆಕ್ಯೂರಿಟಿಯವರು. ಅಲ್ಲಿ ಮುಟ್ಟಿದೊಡನೆ ಆಮ್ಲಜನಕ ಗೋಡೆಗೆ, ಮಾನಿಟರ್ ಪ್ಲಗ್ಗಿಗೆ. ಸ್ಕ್ಯಾನ್ ಶುರುವಾಗುವ ಮುನ್ನ ಟೇಬಲ್ಲನ್ನು ಒಮ್ಮೆ ಪೂರ್ತಿ ಒಳಗೆ ಕಳಿಸಿ ನೋಡುತ್ತೇವೆ, ಯಾವ ನಳಿಕೆಯೂ ಬಿಗಿಯಬಾರದು. ಎಂಆರ್‌ಐ ಆದರೆ ಕಥೆಯೇ ಬೇರೆ: ಕಬ್ಬಿಣದ ಸಿಲಿಂಡರ್ ಆ ಕೋಣೆಯ ಹೊಸ್ತಿಲು ದಾಟಲೇಬಾರದು. ಯಂತ್ರ ಸುಮ್ಮನಿದ್ದಾಗಲೂ ಅದರ ಅಯಸ್ಕಾಂತ ಎಳೆಯುತ್ತಲೇ ಇರುತ್ತದೆ. 2018ರಲ್ಲಿ ಮುಂಬೈನಲ್ಲಿ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಬಂಧುವೊಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು. ಅದಕ್ಕೇ ನಮ್ಮಲ್ಲಿ ಮನೆಯವರ ಕೈಗೆ ಸಿಲಿಂಡರ್ ಕೊಡುವುದಿಲ್ಲ.

ವಾಪಸ್ ಬಂದು ಐಸಿಯು ವೆಂಟಿಲೇಟರಿಗೆ ಸೇರಿಸಿದ ಮೇಲೆ ಟ್ಯೂಬಿನ ಸೆಂಟಿಮೀಟರ್ ಮತ್ತೆ ನೋಡಿ, ಎರಡೂ ಕಡೆ ಎದೆಗೆ ಸ್ಟೆತ್ ಇಟ್ಟು ಕೇಳುತ್ತೇವೆ. ಪಂಪಿನ ವೇಗ, ಬಿಪಿ, ಕಣ್ಣಿನ ಪಾಪೆ ಚಾರ್ಟಿಗೆ ಹೋಗುತ್ತವೆ. ಮಾನಿಟರ್, ಪಂಪ್ ಚಾರ್ಜಿಗೆ. ಸಿಲಿಂಡರ್ ಬದಲಿಸಲು ಸ್ಟೋರಿಗೆ ಹೇಳಿ, ಆಮೇಲೆ ಹೊರಗೆ ಕಾಯುತ್ತಿರುವ ಮನೆಯವರನ್ನು ಡಾಕ್ಟರ್ ಬಳಿ ಕರೆಯುತ್ತೇವೆ.